ಮಹಾರಾಣಿಯವರಿಗೆ ಮರೆತುಹೋಗಿತ್ತಂತೆ

'ಹೌಸ್ ಆಫ್ ದ ಡ್ರ್ಯಾಗನ್' ಸರಣಿಯು ನಾಲ್ಕನೆಯ ಸೀಸನ್ನಿಗೆ ಮುಕ್ತಾಯ ಕಾಣಲಿದೆ ಎಂಬ ಸುದ್ದಿಯನ್ನು ಅಭಿಮಾನಿಗಳು ಹರ್ಷದಿಂದ ಹಂಚಿಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ವೆಸ್ಟೆರೋಸ್ ಎಂಬ ಕಲ್ಪಿತ ನಾಡಿನ ಕಥೆಗಳನ್ನು ಆರಂಭಿಸುವುದರಲ್ಲಿ ಎಚ್‌ಬಿಒ ವಾಹಿನಿಯನ್ನು ಮೀರಿಸಿದವರಿಲ್ಲ. ಮುಗಿಸುವ ಮಾತು ಬಂದಾಗ ಮಾತ್ರ 2019ರ ಏಪ್ರಿಲ್ ಮತ್ತು ಮೇ ತಿಂಗಳಿನ ಆ ಆರು ಸೋಮವಾರಗಳು ನೆನಪಾಗುತ್ತವೆ. ಅಮೆರಿಕದ ಭಾನುವಾರ ರಾತ್ರಿಯ ಒಂಬತ್ತು ಗಂಟೆಯೆಂದರೆ ನಮಗೆ ಸೋಮವಾರ ಬೆಳಗಿನ ಆರೂವರೆ. ಆಫೀಸು ಸೇರುವಷ್ಟರಲ್ಲಿ ಯಾರಾದರೂ ಕಥೆಯನ್ನು ಬಾಯಿಬಿಟ್ಟಾರೆಂಬ ಹೆದರಿಕೆಗೆ ಬೆಂಗಳೂರಿನ ಎಷ್ಟೋ ಮಂದಿ ಸ್ನಾನ, ತಿಂಡಿಗಳನ್ನು ಮುಂದೂಡಿ ಅದೇ ನಾಡಿನ ಮೊದಲ ಸರಣಿಯಾದ 'ಗೇಮ್ ಆಫ್ ಥ್ರೋನ್ಸ್'ನ ಎಂಟನೆಯ, ಕೊನೆಯ ಸೀಸನ್ನನ್ನು ನೋಡಿದರು. ಸ್ನಾನವನ್ನಾದರೂ ಮಾಡಬಹುದಿತ್ತು ಎಂದು ಅವರಿಗೆ ಆಮೇಲೆ ಅನ್ನಿಸಿತು.

ಆ ಸೀಸನ್ನಿನ ನಾಲ್ಕನೆಯ ಸಂಚಿಕೆಯಲ್ಲಿ ಸಿಂಹಾಸನಕ್ಕಾಗಿ ಹೋರಾಡುತ್ತಿರುವ ಡೆನೇರಿಸ್ ಮಹಾರಾಣಿಯವರು, ಮೋಡದ ಚೂರೂ ಇಲ್ಲದ ಪಟ್ಟಹಗಲಿನಲ್ಲಿ, ತಮ್ಮ ಎರಡು ಡ್ರ್ಯಾಗನ್‌ಗಳೊಂದಿಗೆ ಸಮುದ್ರದ ಮೇಲೆ ಹಾರಿ ಬರುತ್ತಾರೆ. ಕೆಳಗೆ ಶತ್ರುಪಕ್ಷದ ಯೂರಾನ್ ಗ್ರೇಜಾಯ್‌ನ ಇಡೀ ನೌಕಾಪಡೆ ದೈತ್ಯಬಾಣಗಳನ್ನು ಹೂಡಿಕೊಂಡು ಕಾದಿರುತ್ತದೆ. ಹದ್ದಿಗಿಂತ ಎತ್ತರದಲ್ಲಿರುವವರಿಗೆ ಹಡಗುಗಳು ಕಾಣುವುದಿಲ್ಲ, ಹಡಗಿನಲ್ಲಿರುವವರಿಗೆ ಮಾತ್ರ ಮೇಲಿನವರು ಸ್ಪಷ್ಟವಾಗಿ ಕಾಣುತ್ತಾರೆ. ಒಂದರ ಹಿಂದೊಂದರಂತೆ ಮೂರು ಬಾಣಗಳು ಗುರಿ ತಪ್ಪದೆ ತಗಲಿ ರೇಗಲ್ ಎಂಬ ಡ್ರ್ಯಾಗನ್ ಸಮುದ್ರದ ಪಾಲಾಗುತ್ತದೆ. ಇದು ಹೇಗೆ ಸಾಧ್ಯವೆಂದು ನಾವೆಲ್ಲ ಬಾಯಿ ತೆರೆದು ಕುಳಿತಿದ್ದಾಗ, ಸರಣಿಯ ಕರ್ತೃಗಳಲ್ಲೊಬ್ಬರಾದ ಡೇವಿಡ್ ಬೆನಿಯಾಫ್ ಅವರು ಅದೇ ಸಂಚಿಕೆಯ ಹಿನ್ನೆಲೆಯನ್ನು ವಿವರಿಸುವ ವಿಡಿಯೊದಲ್ಲಿ ಪ್ರತ್ಯಕ್ಷರಾಗಿ, ಮಹಾರಾಣಿಯವರು ಆ ನೌಕಾಪಡೆಯ ವಿಷಯವನ್ನು ಒಂದು ರೀತಿಯಲ್ಲಿ ಮರೆತುಬಿಟ್ಟಿದ್ದರು ಎಂದು ಸಮಾಧಾನ ಹೇಳಿದರು. ಅದೇ ಸಂಚಿಕೆಯ ಮೊದಲರ್ಧದಲ್ಲಿ ಮಹಾರಾಣಿಯವರ ಸಮ್ಮುಖದಲ್ಲಿಯೇ ಆ ನೌಕಾಪಡೆಯ ಪ್ರಸ್ತಾಪ ಬಂದಿರುತ್ತದೆ. ಮರೆವು ಯಾರಿಗಿಲ್ಲ? ಆದರೆ ಒಂದು ವಾರ ಕಳೆಯುವಷ್ಟರಲ್ಲಿ ಆ ಬಿಲ್ಲುಗಾರರಿಗೂ ಗುರಿಯಿಡುವುದು ಮರೆತುಹೋಯಿತು. ಐದನೆಯ ಸಂಚಿಕೆಯಲ್ಲಿ ಉಳಿದೊಂದು ಡ್ರ್ಯಾಗನ್ ಅದೇ ನೌಕಾಪಡೆಯನ್ನೂ, ಕೋಟೆಯ ಮೇಲಿನ ಅಂಥವೇ ಯಂತ್ರಗಳನ್ನೂ ಮೈಗೆ ಒಂದು ಗೀರೂ ತಗಲದಂತೆ ಸುಟ್ಟು ಬೂದಿ ಮಾಡಿತು. ಕಥೆಗೆ ಡ್ರ್ಯಾಗನ್ ಸಾಯಬೇಕಾದ ವಾರದಲ್ಲಿ ಬಾಣ ತಗಲುತ್ತದೆ, ಬದುಕಬೇಕಾದ ವಾರದಲ್ಲಿ ತಗಲುವುದಿಲ್ಲ.

ನಾಲ್ಕನೆಯ ಸಂಚಿಕೆಯ ಔತಣಕೂಟದಲ್ಲಿ ಮಹಾರಾಣಿಯವರ ಮುಂದೆ ಒಂದು ಕಾಗದದ ಕಾಫಿ ಲೋಟವೂ ಉಳಿದುಬಿಟ್ಟಿತ್ತು. ಜಗತ್ತೆಲ್ಲ ನಕ್ಕಿತು. ವಾಹಿನಿಯು, ಅದು ತಪ್ಪಾಗಿ ಬಂದ ಕಾಫಿ, ಡೆನೇರಿಸ್ ತರಿಸಿದ್ದು ಗಿಡಮೂಲಿಕೆಯ ಚಹಾ ಎಂದು ತಾನೂ ನಕ್ಕು, ಲೋಟವನ್ನು ದೃಶ್ಯದಿಂದ ಅಳಿಸಿತು. ಇಡೀ ಸೀಸನ್ನಿನಲ್ಲಿ ನಾನು ಮನಸಾರೆ ಕ್ಷಮಿಸಿರುವುದು ಆ ಲೋಟವನ್ನೊಂದೇ. ತಪ್ಪೆಂದು ಒಪ್ಪಿಕೊಂಡು ತಿದ್ದಿದ ಏಕೈಕ ವಸ್ತು ಅದು.

ಮೂರನೆಯ ಸಂಚಿಕೆಯಲ್ಲಿ ಸತ್ತವರ ಸೈನ್ಯದೊಂದಿಗೆ ನಡೆಯುವ ಮಹಾಯುದ್ಧವನ್ನು ಹೊಗಳದೆ ಮುಂದೆ ಹೋಗಲಾಗದು. ಐವತ್ತೈದು ರಾತ್ರಿಗಳ ಚಿತ್ರೀಕರಣ, ಎಂಬತ್ತೆರಡು ನಿಮಿಷಗಳ ಅವಧಿ, ಮತ್ತು ಏಳು ರಾಜ್ಯಗಳ ಅತ್ಯಂತ ಚತುರ ತಲೆಗಳೆಲ್ಲ ಒಂದೇ ಮೇಜಿನ ಸುತ್ತ ನಿಂತು ರೂಪಿಸಿದ ವ್ಯೂಹ. ಆ ವ್ಯೂಹದ ಪ್ರಕಾರ, ಕಲ್ಲೆಸೆಯುವ ಯಂತ್ರಗಳನ್ನು ಕೋಟೆಯ ಹೊರಗೆ, ಕಾಲಾಳುಗಳಿಗಿಂತ ಮುಂದೆ, ಶತ್ರುವಿನ ಕೈಗೆ ಎಟುಕುವಂತೆ ಇಡಬೇಕು. ಏನೂ ಕಾಣದ ಕಗ್ಗತ್ತಲಿನೊಳಕ್ಕೆ ಡೊಥ್ರಾಕಿ ಕುದುರೆ ಸವಾರರನ್ನೆಲ್ಲ ಒಂದೇ ಏಟಿಗೆ ನುಗ್ಗಿಸಬೇಕು. ಬೆಂಕಿಗೆ ಅಥವಾ ಡ್ರ್ಯಾಗನ್‌ಗಾಜಿಗೆ ಮಾತ್ರ ಬಗ್ಗುವ ಹೆಣಗಳ ಸೈನ್ಯದ ಮೇಲೆ ಅವರು ಬರಿಯ ಉಕ್ಕಿನ ಕತ್ತಿ ಹಿಡಿದು ಹೊರಟಿದ್ದರು. ಮೆಲಿಸಾಂಡ್ರ ಎಂಬ ಮಾಟಗಾತಿಯು ಯಾರೂ ಕರೆಯದಿದ್ದರೂ ಆ ಹೊತ್ತಿಗೆ ಸರಿಯಾಗಿ ಬಂದು ಕತ್ತಿಗಳಿಗೆ ಬೆಂಕಿ ಹೊತ್ತಿಸದಿದ್ದರೆ ಮೂಲ ಯೋಜನೆ ಏನಿತ್ತೆಂಬುದನ್ನು ಯಾರೂ ಹೇಳಿಲ್ಲ. ಹೊತ್ತಿಸಿದ ಮೇಲೂ ಅವರು ಉಳಿದದ್ದು ಒಂದೆರಡು ನಿಮಿಷ ಮಾತ್ರ, ಅದು ಬೇರೆ ಮಾತು. ಇನ್ನು ಸತ್ತವರನ್ನು ಎಬ್ಬಿಸಿ ನಿಲ್ಲಿಸುವುದೇ ಶತ್ರುವಿನ ವಿದ್ಯೆಯೆಂದು ಗೊತ್ತಿದ್ದೂ, ಹೆಂಗಸರು ಮಕ್ಕಳನ್ನು ಸುರಕ್ಷಿತವಾಗಿರಲೆಂದು ಕಳಿಸಿದ್ದು ಕೋಟೆಯ ಕೆಳಗಿನ ಸಮಾಧಿಗಳ ನೆಲಮಾಳಿಗೆಗೆ.

ಇವೆಲ್ಲವನ್ನೂ ನಾನು ಊಹಿಸಿ ಬರೆಯುತ್ತಿದ್ದೇನೆ ಎಂದರೂ ನಡೆದೀತು, ಏಕೆಂದರೆ ಆ ಸಂಚಿಕೆಯಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಕತ್ತಲು ಹೆಚ್ಚಾಯಿತೆಂದು ನೋಡುಗರು ದೂರಿದಾಗ ಛಾಯಾಗ್ರಾಹಕರಾದ ಫೇಬಿಯನ್ ವಾಗ್ನರ್ ಅವರು, ಜನರಿಗೆ ತಮ್ಮ ಟಿವಿಯನ್ನು ಸರಿಯಾಗಿ ಹೊಂದಿಸಿಕೊಳ್ಳಲು ಬರುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಈ ಮಾತಿಗೆ ನಗು ಬರುವುದಿಲ್ಲ. ಹಣ ಕೊಟ್ಟವನು ನೋಡುಗ, ನಿದ್ದೆಗೆಟ್ಟವನು ನೋಡುಗ, ಎಂಟು ವರ್ಷ ಕಾದವನೂ ಅವನೇ. ಕಡೆಗೆ ಅಪರಾಧಿಯೂ ಅವನೇ ಆಗಬೇಕೆಂದರೆ ಹೇಗೆ?

ಸೂಪರ್‌ಹೀರೋಗಳ ಕಡೆಯವರು ಇಲ್ಲಿಗೆ ಬೀಗಬೇಕಾಗಿಲ್ಲ. ಅಮೆರಿಕದ ಸಿಡಬ್ಲ್ಯೂ ವಾಹಿನಿಯಲ್ಲಿ 2014ರಿಂದ 2023ರವರೆಗೆ ಒಂಬತ್ತು ಸೀಸನ್ ಓಡಿದ 'ದ ಫ್ಲ್ಯಾಶ್' ಸರಣಿಯ ನಾಯಕ ಬ್ಯಾರಿ ಆಲನ್‌ನ ಕಣ್ಣಿಗೆ ಹಾರಿ ಬರುವ ಗುಂಡೂ ನಿಂತಂತೆ ಕಾಣುತ್ತದೆ, ಅವನು ಅದನ್ನು ಹೂವಿನಂತೆ ಗಾಳಿಯಲ್ಲಿ ಕಿತ್ತುಕೊಳ್ಳಬಲ್ಲ. ಅಂಥವನನ್ನು ಹಿಮ ಉಗುಳುವ ಬಂದೂಕು ಹಿಡಿದ ಕಳ್ಳನೊಬ್ಬ, ಆರಾಮವಾಗಿ ಭಾಷಣ ಮುಗಿಸಿ, ಗುರಿಯಿಟ್ಟು ಹೊಡೆದು ಕೆಡವುತ್ತಾನೆ. ಭಾಷಣದ ಮೊದಲ ಪದಕ್ಕೂ ಎರಡನೆಯ ಪದಕ್ಕೂ ನಡುವೆ ಬಂದೂಕನ್ನು ಕಿತ್ತುಕೊಂಡು ಕಳ್ಳನನ್ನು ಜೈಲಿಗೆ ಬಿಟ್ಟು ಬರಬಹುದಾದವನಿಗೆ ಆ ಯೋಚನೆ ಹೊಳೆಯುವುದಿಲ್ಲ. ಜಗತ್ತಿನಲ್ಲೇ ಅತಿ ವೇಗದ ಮನುಷ್ಯನೆಂದು ಪ್ರತಿ ಸಂಚಿಕೆಯ ಆರಂಭದಲ್ಲಿ ತಾನೇ ಹೇಳಿಕೊಳ್ಳುವ ಇವನಿಗೆ ಮೊದಲ ಮೂರೂ ಸೀಸನ್‌ಗಳಲ್ಲಿ ಎದುರಾದ ಮುಖ್ಯ ಖಳರೆಲ್ಲ ಇವನಿಗಿಂತ ಜೋರಾಗಿ ಓಡುವವರೇ. ಮೂರನೆಯವನಂತೂ ಭವಿಷ್ಯದಿಂದ ಬಂದ ಇವನೇ. ಎರಡನೆಯ ಸೀಸನ್ನಿನ ಕೊನೆಯಲ್ಲಿ ಅವನು ಸತ್ತ ತಾಯಿಯನ್ನು ಉಳಿಸಲು ಕಾಲವನ್ನೇ ಹಿಂದಕ್ಕೆ ತಿರುಗಿಸಿ, ಊರಿನವರ ಬದುಕನ್ನೆಲ್ಲ ಅಸ್ತವ್ಯಸ್ತಗೊಳಿಸುತ್ತಾನೆ. ತಂಡದವರು ಒಂದಷ್ಟು ಸಂಚಿಕೆ ಮುನಿಸಿಕೊಳ್ಳುತ್ತಾರೆ, ಆಮೇಲೆ ಎಲ್ಲ ಸರಿಹೋಗುತ್ತದೆ. ಇಷ್ಟಾದರೂ ಆ ಸರಣಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನನ್ನು ಮಹಾಕಾವ್ಯವೆಂದು ಎಂದೂ ಕರೆದುಕೊಳ್ಳಲಿಲ್ಲ.

ಇಂಥ ಪ್ರಶ್ನೆಗಳನ್ನು ಎತ್ತಿದ ಕೂಡಲೇ ಬರುವ ಉತ್ತರವೊಂದಿದೆ. ಬೆಂಕಿಯುಗುಳುವ ಹಾವಿಗೆ ರೆಕ್ಕೆ ಬಂದರೆ ಒಪ್ಪುತ್ತೀರಿ, ಸೈನಿಕನೊಬ್ಬ ಬೇಗ ಓಡಿದರೆ ಒಪ್ಪುವುದಿಲ್ಲವೇ ಎನ್ನುತ್ತಾರೆ. ಒಪ್ಪುವುದಿಲ್ಲ ಸ್ವಾಮಿ. ಡ್ರ್ಯಾಗನ್ನು ಇದೆಯೆಂದು ನೀವೇ ಹೇಳಿದ್ದೀರಿ, ನಂಬಿದೆವು. ಉತ್ತರದ ಗಡಿಗೋಡೆಯಿಂದ ರಾಜಧಾನಿಗೆ ವಾರಗಟ್ಟಲೆ ದಾರಿಯೆಂದು ಮೊದಲ ಸೀಸನ್ನಿನಲ್ಲಿ ಹೇಳಿದ್ದೂ ನೀವೇ, ಅದನ್ನೂ ನಂಬಿದೆವು. ಏಳನೆಯ ಸೀಸನ್ನಿನಲ್ಲಿ ಕಥೆಯ ನಾಯಕರಲ್ಲೊಬ್ಬನಾದ ಜಾನ್ ಸ್ನೋ ಮತ್ತು ಸಂಗಡಿಗರು ಹೆಪ್ಪುಗಟ್ಟಿದ ಕೆರೆಯ ನಡುವೆ ಸಿಕ್ಕಿಬಿದ್ದಾಗ ಅವರಲ್ಲೊಬ್ಬನಾದ ಜೆಂಡ್ರಿಯು ಗೋಡೆಯವರೆಗೆ ಓಡಿ, ಅಲ್ಲಿಂದ ಓಲೆ ಹೊತ್ತ ಕಾಗೆ ಮಹಾರಾಣಿಯವರಿದ್ದ ಡ್ರ್ಯಾಗನ್‌ಸ್ಟೋನ್ ದ್ವೀಪಕ್ಕೆ ಹಾರಿ, ಅಲ್ಲಿಂದ ಮಹಾರಾಣಿಯವರು ಮೂರು ಡ್ರ್ಯಾಗನ್‌ಗಳೊಂದಿಗೆ ಹೊರಟು ಬರುವವರೆಗೂ ಹೆಣಗಳ ಸೈನ್ಯವು ಸೌಜನ್ಯದಿಂದ ಸುತ್ತಲೂ ನಿಂತು ಕಾಯುತ್ತದೆ. ಆ ಕಾದಾಟದಲ್ಲಿ ಸತ್ತು ಕೆರೆಯ ತಳ ಸೇರಿದ ಒಂದು ಡ್ರ್ಯಾಗನ್ನನ್ನು ಎಳೆಯಲು ಬೇಕಾದ ಭಾರಿ ಸರಪಳಿಗಳನ್ನು ಆ ಸೈನ್ಯವು ಯಾವ ಕಮ್ಮಾರಸಾಲೆಯಿಂದ ತಂದಿತೋ ತಿಳಿಯದು.

ಹೊಸ ಸರಣಿಯಾದ 'ಹೌಸ್ ಆಫ್ ದ ಡ್ರ್ಯಾಗನ್'ನಲ್ಲಿ ಈ ಪರಂಪರೆ ಅಬಾಧಿತವಾಗಿ ಮುಂದುವರಿದಿದೆ. 2022ರ ಮೊದಲ ಸೀಸನ್ನಿನಲ್ಲಿ ರೇನಿಸ್ ರಾಜಕುಮಾರಿಯು ಪಟ್ಟಾಭಿಷೇಕದ ಸಭೆಯ ನೆಲವನ್ನು ಸೀಳಿಕೊಂಡು ಡ್ರ್ಯಾಗನ್ ಏರಿ ಮೇಲೇಳುವಾಗ, ಪಾಪ, ನೋಡಲು ಬಂದಿದ್ದ ಊರಿನ ಬಡಜನ ರಾಶಿರಾಶಿಯಾಗಿ ಸಾಯುತ್ತಾರೆ. ಎದುರಿಗೆ ಸಾಲಾಗಿ ನಿಂತಿದ್ದ ಶತ್ರು ಕುಟುಂಬವನ್ನು ಮಾತ್ರ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕರುಣೆಯಿಂದ ಬಿಟ್ಟು ಹಾರಿಹೋಗುತ್ತಾಳೆ. ಒಂದು ಉಸಿರು ಬೆಂಕಿಯಲ್ಲಿ ಯುದ್ಧ ಮುಗಿದು ನಮಗೂ ಬಿಡುವಾಗುತ್ತಿತ್ತು. ಎರಡನೆಯ ಸೀಸನ್ನಿನಲ್ಲಿ ಒಬ್ಬ ರಾಣಿ ಸನ್ಯಾಸಿನಿಯ ವೇಷದಲ್ಲಿ ಶತ್ರುವಿನ ರಾಜಧಾನಿಗೆ ಹೋಗಿ ಇನ್ನೊಬ್ಬ ರಾಣಿಯೊಂದಿಗೆ ಕಷ್ಟಸುಖ ಮಾತಾಡಿ ಬರುತ್ತಾಳೆ, ಕೊನೆಯ ಸಂಚಿಕೆಯಲ್ಲಿ ಇವಳು ಅವಳ ದ್ವೀಪಕ್ಕೆ ಮರುಭೇಟಿ ಕೊಡುತ್ತಾಳೆ, ಸೈನ್ಯಗಳೆಲ್ಲ ಹೊರಟು ನಿಲ್ಲುವಷ್ಟರಲ್ಲಿ ಸೀಸನ್ನು ಮುಗಿಯುತ್ತದೆ. ಮೂಲ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಅವರೇ 2024ರ ಸೆಪ್ಟೆಂಬರಿನಲ್ಲಿ ತಮ್ಮ ಕಥೆಗೆ ಸರಣಿಯಲ್ಲಿ ಮಾಡಿದ ಬದಲಾವಣೆಗಳ ಬಗ್ಗೆ ಬೇಸರದಿಂದ ಬರೆದು, ಸ್ವಲ್ಪ ಹೊತ್ತಿಗೆ ಅದನ್ನು ಅಳಿಸಿದರು. ಅವರ ಆರನೆಯ ಕಾದಂಬರಿಗೆ 2011ರಿಂದ ಕಾಯುತ್ತಿರುವ ಓದುಗರು, ಅಳಿಸಲಿಕ್ಕಾದರೂ ಏನೋ ಬರೆದರಲ್ಲ ಎಂದು ತೃಪ್ತಿಪಟ್ಟರು.

'ಗೇಮ್ ಆಫ್ ಥ್ರೋನ್ಸ್'ಗೆ ಆಧಾರವಾದ ಪುಸ್ತಕ ಮುಗಿದಲ್ಲಿ ಸಿದ್ಧ ಕಥೆಯೂ ಮುಗಿಯಿತೆಂಬುದು ನಿಜವೇ. ಆದರೆ ವಾಹಿನಿಯು ಇನ್ನಷ್ಟು ಸಂಚಿಕೆಗಳಿಗೆ ಸಿದ್ಧವಿತ್ತು, ಬೇಡವೆಂದವರು ಸರಣಿಯ ಕರ್ತೃಗಳೇ. ರಾತ್ರಿಯೆಲ್ಲ ಒಂದೊಂದು ಪದ್ಯಕ್ಕೂ ಅರ್ಧ ಗಂಟೆ ತೆಗೆದುಕೊಂಡ ಹರಿಕಥೆ ದಾಸರು ಬೆಳಗಿನ ಮೊದಲ ಬಸ್ಸು ಹಾರ್ನ್ ಮಾಡಿದ ಕೂಡಲೇ ಹತ್ತು ನಿಮಿಷದಲ್ಲಿ ರಾವಣನನ್ನು ಕೊಂದು ಮಂಗಳ ಹಾಡಿದಂತಾಯಿತು.

ಆ ಅವಸರದಲ್ಲಿ ತುಳಿದು ಹೋದದ್ದೂ ಇದೆ. ಸಾನ್ಸಾ ಎಂಬ ಹುಡುಗಿಯನ್ನು ಐದನೆಯ ಸೀಸನ್ನಿನಲ್ಲಿ ರಾಮ್ಸೇ ಎಂಬ ಕ್ರೂರಿಗೆ ಮದುವೆ ಮಾಡಿಸಿ, ಅದೇ ರಾತ್ರಿ ಅವಳ ಮೇಲೆ ಅತ್ಯಾಚಾರ ಮಾಡಿಸಿದರು. ಕಾದಂಬರಿಯಲ್ಲಿ ಅವಳು ಆ ಮನೆಗೆ ಹೋಗುವುದೇ ಇಲ್ಲ. ಎಂಟನೆಯ ಸೀಸನ್ನಿನಲ್ಲಿ ಅವಳ ಬಾಯಿಂದಲೇ, ಅಂಥವರು ಸಿಗದಿದ್ದರೆ ತಾನು ಬದುಕೆಲ್ಲ ಪುಟ್ಟ ಹಕ್ಕಿಯಾಗಿಯೇ ಉಳಿಯುತ್ತಿದ್ದೆ ಎಂಬ ಅರ್ಥದ ಮಾತನ್ನು ಆಡಿಸಿದರು. ಇದನ್ನು ಬರೆದು, ಓದಿ, ಒಪ್ಪಿ, ಚಿತ್ರೀಕರಿಸಿದ ಕೋಣೆಯಲ್ಲಿ ಬೇಡವೆನ್ನುವವರು ಒಬ್ಬರಾದರೂ ಇರಲಿಲ್ಲವೇ? ಹಡಗು ಮರೆತದ್ದನ್ನು ಗೇಲಿ ಮಾಡಬಹುದು. ಇದನ್ನು ಗೇಲಿ ಮಾಡುವ ಉತ್ಸಾಹ ನನ್ನಲ್ಲಿ ಉಳಿದಿಲ್ಲ.

ಕೊನೆಯ ಸಂಚಿಕೆಯಲ್ಲಿ ಮಹಾರಾಣಿಯವರ ಮಂತ್ರಿಯಾಗಿದ್ದು ಈಗ ಕೈಗೆ ಕೋಳ ತೊಟ್ಟ ಕೈದಿ ಟಿರಿಯನ್ ಎದ್ದು ನಿಂತು, ಬ್ರಾನ್‌ನದಕ್ಕಿಂತ ಒಳ್ಳೆಯ ಕಥೆ ಇನ್ಯಾರಿಗಿದೆ ಎಂದು ಕೇಳುತ್ತಾನೆ. ಐದನೆಯ ಸೀಸನ್ನಿನ ಒಂದೇ ಒಂದು ಸಂಚಿಕೆಯಲ್ಲೂ ಮುಖ ತೋರಿಸದ ಆ ಬ್ರಾನ್‌ನನ್ನು ಅರಸನನ್ನಾಗಿ ಸಭೆ ಒಪ್ಪುತ್ತದೆ. ಅವನ ಅಕ್ಕ ಸಾನ್ಸಾ ತನ್ನ ಉತ್ತರ ರಾಜ್ಯಕ್ಕೆ ಸ್ವಾತಂತ್ರ್ಯ ಕೇಳಿ ಪಡೆಯುತ್ತಾಳೆ. ತನ್ನ ದ್ವೀಪಗಳಿಗೆ ಸ್ವಾತಂತ್ರ್ಯದ ವಚನವನ್ನು ಮಹಾರಾಣಿಯವರಿಂದ ಮೊದಲೇ ಪಡೆದಿದ್ದ ಯಾರಾ ಗ್ರೇಜಾಯ್ ಪಕ್ಕದಲ್ಲೇ ಕುಳಿತು ತುಟಿ ಬಿಚ್ಚುವುದಿಲ್ಲ. ಈ ಸೀಸನ್ನಿಗೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯಲ್ಲಿ 32 ನಾಮನಿರ್ದೇಶನಗಳೂ, ಅತ್ಯುತ್ತಮ ನಾಟಕ ಸರಣಿಯೆಂಬುದೂ ಸೇರಿ 12 ಪ್ರಶಸ್ತಿಗಳೂ ಬಂದವು. ಮರುಚಿತ್ರೀಕರಣ ಕೋರಿದ ಮನವಿಗೆ ಹದಿನೈದು ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಮಹಾರಾಣಿಯವರನ್ನು ಕೊಂದ ಜಾನ್ ಸ್ನೋಗಾದರೋ ಗೋಡೆಯ ಕಾವಲಿನ ಶಿಕ್ಷೆ. ಗೋಡೆ ಒಡೆದಿದೆ, ಆಚೆಯ ಶತ್ರು ಸತ್ತಿದ್ದಾನೆ, ಆಚೆಯ ಜನ ಇವನ ಸ್ನೇಹಿತರು, ಶಿಕ್ಷೆಗೆ ಪಟ್ಟು ಹಿಡಿದಿದ್ದ ಸೈನ್ಯವು ಹಡಗು ಹತ್ತಿ ನಾಥ್ ದ್ವೀಪಕ್ಕೆ ಹೋಗಿಯಾಗಿದೆ. ಕಾವಲು ಕಾಯುತ್ತಿದ್ದಾನೋ ಇಲ್ಲವೋ ಎಂದು ನೋಡಿ ಬರಲು ಯಾರನ್ನೂ ನೇಮಿಸಿದಂತಿಲ್ಲ.