ಒಂದು ಮಾಪ್ ಕಮ್ಮಿ ಇದೆ ಸರ್

ಹೋದ ತಿಂಗಳು ನಮ್ಮ ಅತ್ತಿಗೆಗೆ ಗರ್ಭಕೋಶದ ಗಡ್ಡೆಯ ಆಪರೇಷನ್ ಆಯಿತು. ಗಡ್ಡೆ ದೊಡ್ಡದಿತ್ತು. ಲ್ಯಾಪ್ರೊಸ್ಕೋಪಿ ಆಗಲ್ಲ, ಹೊಟ್ಟೆ ತೆರೆದೇ ಮಾಡಬೇಕು ಅಂದಿದ್ದರು. ಹಿಂದಿನ ದಿನ ಸಂಜೆ ಡಾಕ್ಟರ್ ರೌಂಡ್ಸಿಗೆ ಬಂದು "ಏನಾದರೂ ಕೇಳೋದಿದೆಯಾ?" ಅಂದರು. ನಾವೆಲ್ಲ ಬಿಲ್ಲು, ಇನ್ಶೂರೆನ್ಸು, ಎಷ್ಟು ದಿನ ಇರಬೇಕು, ಯಾವಾಗ ಊಟ ಕೊಡಬಹುದು ಅಂತ ಕೇಳಿದೆವು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನಮ್ಮ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಡಾಕ್ಟ್ರೇ, ನಿಮ್ಮ ಮಾಪ್‌ನಲ್ಲಿ ನೂಲು ಇರುತ್ತಾ?"

ಡಾಕ್ಟರ್ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ನಕ್ಕು, "ಅಮ್ಮಾ, ನೀವು ಥಿಯೇಟರ್‌ನಲ್ಲಿ ಕೆಲಸ ಮಾಡಿದೋರಾ?" ಅಂದರು.

ಹೌದು. ದೊಡ್ಡಮ್ಮ ಸರ್ಕಾರಿ ಆಸ್ಪತ್ರೆಯ ಸ್ಟಾಫ್ ನರ್ಸ್ ಆಗಿದ್ದವರು. ಸರ್ವಿಸಿನ ಅರ್ಧಕ್ಕಿಂತ ಜಾಸ್ತಿ ಕಾಲ ಓಟಿಯಲ್ಲೇ, ಅಂದರೆ ಆಪರೇಷನ್ ಥಿಯೇಟರ್‌ನಲ್ಲೇ ಕಳೆದರು. ರಿಟೈರ್ ಆಗಿ ಹನ್ನೆರಡು ವರ್ಷ ಆದರೂ ಎಣಿಸುವ ಚಾಳಿ ಹೋಗಿಲ್ಲ. ಮದುವೆ ಮನೆಯಲ್ಲಿ ಅಡುಗೆಯವರಿಗೆ ಕೊಟ್ಟ ಸೌಟು ವಾಪಸ್ ಎಣಿಸುತ್ತಾರೆ. ಬಟ್ಟೆ ಒಣಹಾಕಿದ ಕ್ಲಿಪ್ಪು ಎಣಿಸುತ್ತಾರೆ. ನಾವು ಚಿಕ್ಕವರಿದ್ದಾಗ ಇದನ್ನು ನೋಡಿ ನಗುತ್ತಿದ್ದೆವು.

ಮಾಪ್ ಅಂದರೆ ನೆಲ ಒರೆಸುವುದಲ್ಲ. ಗಾಯಕ್ಕೆ ಕಟ್ಟುವ ತೆಳು ಗಾಜ್ ಬಟ್ಟೆಯನ್ನು ಪದರ ಪದರ ಹೊಲಿದು ಮಾಡಿದ ಚೌಕ. ಹೊಟ್ಟೆ ತೆರೆದಾಗ ರಕ್ತ ಹೀರಲು, ಕರುಳನ್ನು ಪಕ್ಕಕ್ಕೆ ಸರಿಸಿ ಹಿಡಿಯಲು ಒಳಗೆ ಇಡುತ್ತಾರೆ. ರಕ್ತದಲ್ಲಿ ನೆಂದ ಮೇಲೆ ಅದು ಮುದುಡಿಕೊಂಡು ಯಾವುದು ಬಟ್ಟೆ, ಯಾವುದು ಕರುಳು ಅಂತ ಕಣ್ಣಿಗೆ ಗೊತ್ತಾಗುವುದೇ ಕಷ್ಟ. ದೊಡ್ಡಮ್ಮ ಕೇಳಿದ ನೂಲು ಅಂದರೆ ಆ ಬಟ್ಟೆಯಲ್ಲಿ ಸೇರಿಸಿರುವ ಬೇರಿಯಂ ಸಲ್ಫೇಟಿನ ಎಳೆ. ಸಾಮಾನ್ಯವಾಗಿ ನೀಲಿ ಬಣ್ಣದ್ದು. ಅದಿದ್ದರೆ ಮಾಪ್ ಎಕ್ಸ್‌ರೇಯಲ್ಲಿ ಕಾಣುತ್ತದೆ. ಇಲ್ಲದಿದ್ದರೆ ಕಾಣಲ್ಲ. ಹತ್ತಿ ಬಟ್ಟೆ ಎಕ್ಸ್‌ರೇಗೆ ಹೆಚ್ಚುಕಮ್ಮಿ ಗಾಳಿ ಇದ್ದ ಹಾಗೆ.

ಆಪರೇಷನ್ ಚೆನ್ನಾಗೇ ಆಯಿತು. ಆದರೆ ಆ ರಾತ್ರಿ ವಾರ್ಡಿನಲ್ಲಿ ನಿದ್ದೆ ಬರದೆ ಇದರ ಬಗ್ಗೆ ಓದುತ್ತಾ ಕೂತೆ. ಹೊಟ್ಟೆಯಲ್ಲಿ ಉಳಿದ ಬಟ್ಟೆಗೆ ವೈದ್ಯರು ಒಂದು ಹೆಸರೇ ಇಟ್ಟಿದ್ದಾರೆ: ಗಾಸಿಪಿಬೋಮಾ. ಲ್ಯಾಟಿನ್ನಿನ ಹತ್ತಿಗೆ ಸ್ವಾಹಿಲಿಯ ಅಡಗುವ ಜಾಗ ಸೇರಿಸಿ ಮಾಡಿದ ಪದವಂತೆ. ಹೆಸರು ಕೇಳಲು ಚೆನ್ನಾಗಿದೆ, ಆಗುವುದು ಚೆನ್ನಾಗಿಲ್ಲ. ಕೆಲವರಿಗೆ ವಾರದೊಳಗೇ ಕೀವು, ಜ್ವರ. ಇನ್ನು ಕೆಲವರಿಗೆ ವರ್ಷಗಟ್ಟಲೆ ಏನೂ ಇಲ್ಲ. ದೇಹ ಅದರ ಸುತ್ತ ಗೋಡೆ ಕಟ್ಟಿಕೊಂಡು ಸುಮ್ಮನಿರುತ್ತದೆ. ಮುಂದೊಂದು ದಿನ ಸ್ಕ್ಯಾನಿನಲ್ಲಿ ಗಡ್ಡೆಯ ಹಾಗೆ ಕಾಣುತ್ತದೆ. ಕ್ಯಾನ್ಸರ್ ಇರಬಹುದು ಅಂತ ಮನೆಯವರೆಲ್ಲ ಅತ್ತು, ತೆರೆದು ನೋಡಿದರೆ ಹಳೇ ಮಾಪು.

ನಮ್ಮ ದೇಶದ ಕಾನೂನು ಪುಸ್ತಕದಲ್ಲಿ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. 1963ರ ಜುಲೈನಲ್ಲಿ ಮಹಾರಾಷ್ಟ್ರದ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿಗೆ ಹೆರಿಗೆಯಾದ ಮೂರನೇ ದಿನ ಸಂತಾನಹರಣ ಆಪರೇಷನ್ ಮಾಡಿದರು. ನೋವು, ಜ್ವರ ಇಳಿಯಲಿಲ್ಲ. ಮತ್ತೆ ತೆರೆದಾಗ ಒಳಗೆ ಮಾಪ್ ಸಿಕ್ಕಿತು. ಅಷ್ಟರಲ್ಲಿ ಕೀವು ತುಂಬಿತ್ತು. ಅದೇ ತಿಂಗಳು 24ಕ್ಕೆ ಆಕೆ ತೀರಿಕೊಂಡರು. ಕೇಸು ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 1996ರಲ್ಲಿ. ಮಾಪ್ ಒಳಗೆ ಉಳಿದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ, ಬೇರೆ ಸಾಕ್ಷಿ ಬೇಡ, ಸರ್ಕಾರವೇ ಹೊಣೆ ಅಂತ ಕೋರ್ಟ್ ಹೇಳಿತು. ಪರಿಹಾರ 36,000 ರೂಪಾಯಿ. ತಾಯಿ ಸತ್ತಾಗ ಎರಡು ವಾರದ ಕೂಸಾಗಿದ್ದ ಮಗುವಿಗೆ ತೀರ್ಪು ಬರುವಾಗ ಮೂವತ್ತೆರಡು ದಾಟಿರಬೇಕು.

ಇದನ್ನು ತಡೆಯಲು ಈಗ ಎಲೆಕ್ಟ್ರಾನಿಕ್ ಟ್ಯಾಗ್ ಬಂದಿದೆ. ಈಗ ಅಂದರೆ, ಬಂದು ಇಪ್ಪತ್ತು ವರ್ಷ ಆಗುತ್ತಾ ಬಂತು. ನಮ್ಮ ಕಡೆ ಕೇಳಿದವರು ಕಮ್ಮಿ, ಅಷ್ಟೇ. ಎರಡು ಥರ ಇದೆ. ಒಂದು, ಸೀರೆ ಅಂಗಡಿಯ ಬಾಗಿಲಲ್ಲಿ ಕುಂಯ್ ಅನ್ನುತ್ತದಲ್ಲ, ಆ ಥರ. ಪ್ರತಿ ಮಾಪ್‌ನಲ್ಲೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಟ್ಯಾಗ್ ಹೊಲಿದಿರುತ್ತಾರೆ. ಹೊಲಿಗೆ ಹಾಕುವ ಮೊದಲು ರೋಗಿಯ ಮೇಲೆ ಒಂದು ಕೋಲು ಆಡಿಸಿದರೆ, ಒಳಗೆ ಏನಾದರೂ ಇದ್ದರೆ ಕೂಗುತ್ತದೆ. ಎಷ್ಟಿದೆ, ಯಾವುದು ಅಂತ ಹೇಳಲ್ಲ. ಇನ್ನೊಂದು ನಮ್ಮ ಕಾರಿನ ಫಾಸ್ಟ್‌ಟ್ಯಾಗ್ ಥರದ್ದು, ಆರ್‌ಎಫ್‌ಐಡಿ. ಒಂದೊಂದು ಮಾಪ್‌ಗೂ ಅದರದೇ ನಂಬರ್. ಒಳಗೆ ಹೋದದ್ದು ಯಾವುದು, ಹೊರಗೆ ಬಂದದ್ದು ಯಾವುದು ಅಂತ ಲೆಕ್ಕ ಇಡುತ್ತದೆ. ಎರಡರಲ್ಲೂ ಬ್ಯಾಟರಿ ಇಲ್ಲ, ಕೋಲಿನಿಂದ ಬರುವ ರೇಡಿಯೋ ಅಲೆಯೇ ಟ್ಯಾಗನ್ನು ಎಬ್ಬಿಸುತ್ತದೆ. 2006ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 8 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಆಪರೇಷನ್ ನಡೆಯುವಾಗಲೇ ಬೇಕಂತಲೇ ಒಂದು ಟ್ಯಾಗ್ ಇರುವ ಸ್ಪಾಂಜ್ (ಇಂಥ ಬಟ್ಟೆಗೆ ಅಲ್ಲಿಯ ಹೆಸರು) ಒಳಗೆ ಇಟ್ಟು, ಅದು ಗೊತ್ತಿಲ್ಲದ ಇನ್ನೊಬ್ಬ ಸರ್ಜನ್‌ಗೆ ಕೋಲು ಕೊಟ್ಟರು. ಎಂಟಕ್ಕೆ ಎಂಟೂ ಸಿಕ್ಕವು, ಮೂರು ಸೆಕೆಂಡಿನೊಳಗೆ. ಎಂಟೇ ಜನ ಅಂತ ನಾನೂ ಮೂಗು ಮುರಿದೆ. ಆದರೂ ತತ್ವ ಸರಿ ಇದೆ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಟ್ಯಾಗಿನ ಬಗ್ಗೆ ಅಲ್ಲ.

"ಅದು ಕೂಗಿದಾಗ ಸರ್ ಏನಂತಾರೆ?"

ಆಮೇಲೆ ನಾನು ಯಾವತ್ತೂ ಕೇಳಿರದ ಒಂದು ಕತೆ ಹೇಳಿದರು. ಊರು, ಆಸ್ಪತ್ರೆ ಬೇಡ. ತಾಲ್ಲೂಕು ಆಸ್ಪತ್ರೆ, ರಾತ್ರಿ ಎರಡು ಗಂಟೆ, ಎಮರ್ಜೆನ್ಸಿ ಸಿಸೇರಿಯನ್. ರಕ್ತ ನಿಲ್ಲುತ್ತಿಲ್ಲ. ಕೇಳಿದಾಗೆಲ್ಲ ಮಾಪ್ ಕೊಡುತ್ತಾ ಹೋದರು. ಕೊನೆಗೆ ಎಣಿಸಿದರೆ ಹದಿನೈದು ಕೊಟ್ಟದ್ದರಲ್ಲಿ ಹದಿನಾಲ್ಕೇ ಹೊರಗಿದೆ.

"ಒಂದು ಮಾಪ್ ಕಮ್ಮಿ ಇದೆ ಸರ್."

"ಸರಿಯಾಗಿ ಎಣಿಸಿ ಸಿಸ್ಟರ್."

ಮತ್ತೆ ಎಣಿಸಿದರು. ಬಕೆಟ್ ಬೋರಲು ಹಾಕಿದರು. ಹದಿನಾಲ್ಕೇ.

"ನಾನು ಒಳಗೆ ನೋಡಿದೀನಿ, ಏನೂ ಇಲ್ಲ. ಸೂಜಿ ಕೊಡಿ."

ದೊಡ್ಡಮ್ಮ ಸೂಜಿ ಕೊಡಲಿಲ್ಲ. ಕೈ ಕಟ್ಟಿ ನಿಂತರು. ಸರ್ಜನ್ ಕೂಗಾಡಿದರು. ಅರಿವಳಿಕೆ ಡಾಕ್ಟರ್ ಗಡಿಯಾರ ನೋಡಿದರು. ಕೊನೆಗೆ ಸಿಟ್ಟಿನಲ್ಲೇ ಮತ್ತೆ ಕೈ ಹಾಕಿದಾಗ ಪಕ್ಕೆಯ ಸಂದಿಯಿಂದ ಮಾಪ್ ಬಂತು. ಯಾರೂ ಏನೂ ಮಾತಾಡಲಿಲ್ಲ. ಮುಂದಿನ ವಾರ ದೊಡ್ಡಮ್ಮನನ್ನು ಎರಡು ತಿಂಗಳು ವಾರ್ಡ್ ಡ್ಯೂಟಿಗೆ ಹಾಕಿದರು. ಕಾರಣ ಹೇಳಲಿಲ್ಲ.

ಕತೆ ಅಲ್ಲಿಗೆ ಮುಗಿದಿದ್ದರೆ ನಾನು ಹೆಮ್ಮೆಯಿಂದ ಎದ್ದು ಹೋಗುತ್ತಿದ್ದೆನೇನೋ. ದೊಡ್ಡಮ್ಮ ಲೋಟ ಕೆಳಗಿಟ್ಟು, "ಎಲ್ಲಾ ಸಲ ಹಂಗೆ ನಿಲ್ಲೋಕೆ ಆಗಿಲ್ಲ ಕಣೇ. ಇನ್ನೊಂದು ಸಲ ಸುಮ್ಮನಾಗಿಬಿಟ್ಟೆ. ಆಮೇಲೆ ಬಕೆಟ್‌ನಲ್ಲಿ ಎರಡು ಒಂದಕ್ಕೊಂದು ಅಂಟಿಕೊಂಡಿದ್ದು ಸಿಕ್ತು. ಅದು ನನ್ನ ಪುಣ್ಯ," ಅಂದರು.

ಟ್ಯಾಗ್ ಬೇಕು ಅಂತ ನಾನು ಹೇಳುವುದು ಈ ಕಾರಣಕ್ಕೆ. ಅದು ಚೆನ್ನಾಗಿ ಹುಡುಕುತ್ತದೆ ಅನ್ನುವುದು ಒಂದು. ಅದಕ್ಕಿಂತ ದೊಡ್ಡದು, ಆ ಯಂತ್ರಕ್ಕೆ ಟ್ರಾನ್ಸ್‌ಫರ್ ಭಯ ಇಲ್ಲ. ಸರ್ ಬೈದರು ಅಂತ ಸುಮ್ಮನಾಗಲ್ಲ. ರಾತ್ರಿ ಎರಡು ಗಂಟೆಗೆ ಸಿಸ್ಟರ್ ಒಬ್ಬರೇ ಹೇಳಬೇಕಾದ ಮಾತನ್ನು ಅದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತದೆ.

ಕೌಂಟ್ ಸರಿಯಾಗಿ ಮಾಡಿದರೆ ಸಾಕಲ್ವಾ, ಟ್ಯಾಗ್ ಯಾಕೆ ಅನ್ನುವವರಿದ್ದಾರೆ. ನಮ್ಮ ಮಹಾರಾಷ್ಟ್ರ ಮೂಲದ ಕುಟುಂಬದ ಅಮೆರಿಕನ್ ಸರ್ಜನ್ ಅತುಲ್ ಗವಾಂಡೆ ಮತ್ತು ಜೊತೆಗಾರರು 2003ರಲ್ಲಿ ಮ್ಯಾಸಚೂಸೆಟ್ಸ್‌ನ ಇನ್ಶೂರೆನ್ಸ್ ಕಡತಗಳಿಂದ ಇಂಥ 54 ರೋಗಿಗಳ ಕೇಸು ತೆಗೆದು ನೋಡಿದರು. ಎಣಿಕೆ ಮಾಡಿದ್ದ ಕೇಸುಗಳಲ್ಲಿ 88% ಕಡೆ ಕೌಂಟ್ ಸರಿ ಇದೆ ಅಂತಲೇ ಬರೆದಿತ್ತು! ಅಂದರೆ ಒಳಗೆ ಬಟ್ಟೆ, ಬೋರ್ಡಿನ ಮೇಲೆ ಸರಿ ಲೆಕ್ಕ. ಇದು ಹೇಗಾಗುತ್ತದೆ ಅಂತ ದೊಡ್ಡಮ್ಮನಿಗೆ ಕೇಳಿದರೆ ಬೆರಳು ಮಡಚುತ್ತಾ ಹೇಳುತ್ತಾರೆ: ಐದರ ಕಟ್ಟಿನಲ್ಲಿ ಆರು ಇರುತ್ತದೆ, ಮಧ್ಯೆ ಡ್ಯೂಟಿ ಬದಲಾಗುತ್ತದೆ, ಯಾರೋ ಅರ್ಜೆಂಟಿಗೆ ಒಂದನ್ನು ಕತ್ತರಿಸಿ ಎರಡು ಮಾಡುತ್ತಾರೆ.

ಅದೇ ಅಧ್ಯಯನದ ಇನ್ನೊಂದು ಅಂಶ ನನಗೆ ಇನ್ನೂ ಮುಖ್ಯ. ಎಮರ್ಜೆನ್ಸಿ ಸರ್ಜರಿಯಲ್ಲಿ ವಸ್ತು ಒಳಗೆ ಉಳಿಯುವ ಅಪಾಯ ಸುಮಾರು 9 ಪಟ್ಟು. ಮಧ್ಯದಲ್ಲಿ ಸರ್ಜರಿಯ ಪ್ಲಾನ್ ಬದಲಾದರೆ 4 ಪಟ್ಟು. ಹಾಗಾದರೆ ಟ್ಯಾಗ್ ಮೊದಲು ಎಲ್ಲಿಗೆ ಹೋಗಬೇಕು? ತಾಲ್ಲೂಕು ಆಸ್ಪತ್ರೆಯ ರಾತ್ರಿ ಸಿಸೇರಿಯನ್‌ಗೆ. ಆದರೆ ನಮ್ಮಲ್ಲಿ ಬಂದರೆ ಅದು ಮೊದಲು ಹೋಗುವುದು ಎಲ್ಲಿಗೆ ಅಂತ ನಿಮಗೂ ಗೊತ್ತು. ಲಾಬಿಯಲ್ಲಿ ಪಿಯಾನೋ ಇರುವ ಆಸ್ಪತ್ರೆಗೆ, ಬೆಳಿಗ್ಗೆ ಎಂಟಕ್ಕೆ ಪ್ಲಾನ್ ಮಾಡಿದ ಸರ್ಜರಿಗೆ. ಟ್ಯಾಗ್ ಇರುವ ಮಾಪ್ ತೊಳೆದು ಮತ್ತೆ ಬಳಸುವ ಹಾಗಿಲ್ಲ, ದುಡ್ಡು ಜಾಸ್ತಿ. ಸರ್ಕಾರಿ ಸ್ಕೀಮಿನ ಪ್ಯಾಕೇಜ್ ರೇಟಿನಲ್ಲಿ ಎಲ್ಲಾ ಸೇರಿಯೇ ಇರುತ್ತದೆ. ಮಾಪ್‌ಗೆ ಜಾಸ್ತಿ ಖರ್ಚಾದರೆ ಅದನ್ನು ಆಸ್ಪತ್ರೆಯೇ ನುಂಗಿಕೊಳ್ಳಬೇಕು. ಯಾರು ನುಂಗುತ್ತಾರೆ?

ದುಬಾರಿ ಅಂದರೆ ನಡುವಿನ ದಾರಿಯೂ ಇದೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 2009ರಲ್ಲಿ ರೇಡಿಯೋ ಗೀಡಿಯೋ ಏನೂ ಇಲ್ಲದೆ, ಪ್ರತಿ ಸ್ಪಾಂಜಿಗೂ ಒಂದು ಕೋಡ್ ಅಂಟಿಸಿ, ಕಿರಾಣಿ ಅಂಗಡಿಯ ಬಿಲ್ಲಿಂಗ್ ಥರ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಸ್ಕ್ಯಾನ್ ಮಾಡಲು ಶುರು ಮಾಡಿದರು. ಅದಕ್ಕೆ ಮೊದಲು ಸರಾಸರಿ 64 ದಿನಕ್ಕೊಂದು ಸ್ಪಾಂಜ್ ಒಳಗೆ ಉಳಿಯುತ್ತಿತ್ತು. ಅಷ್ಟು ಹೆಸರುವಾಸಿ ಆಸ್ಪತ್ರೆಯಲ್ಲಿ! ಆಮೇಲಿನ 18 ತಿಂಗಳಲ್ಲಿ 87,404 ಸರ್ಜರಿ, 18 ಲಕ್ಷಕ್ಕೂ ಜಾಸ್ತಿ ಸ್ಪಾಂಜ್, ಒಂದೂ ಉಳಿಯಲಿಲ್ಲ. ನನಗೆ ಇಷ್ಟವಾದದ್ದು ಅವರು ತಮ್ಮ 64 ದಿನದ ಲೆಕ್ಕವನ್ನು ಮುಚ್ಚಿಡದೆ ಪ್ರಕಟಿಸಿದ್ದು.

ಟ್ಯಾಗ್ ಬಂದರೆ ಎಲ್ಲಾ ಸರಿಹೋಗುತ್ತದೆ ಅಂತಲೂ ನಾನು ಹೇಳುತ್ತಿಲ್ಲ. 2008ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಐಸಿಯು ಯಂತ್ರಗಳ ಹತ್ತಿರ ಆರ್‌ಎಫ್‌ಐಡಿ ಇಟ್ಟು 123 ಸಲ ಪರೀಕ್ಷೆ ಮಾಡಿದಾಗ 34 ಸಲ ಯಂತ್ರಗಳಿಗೆ ತೊಂದರೆಯಾಯಿತು, ಅದರಲ್ಲಿ 22 ಅಪಾಯಕಾರಿ. ಪಕ್ಕದಲ್ಲಿ ರೋಗಿಗಳಿರಲಿಲ್ಲ, ಪುಣ್ಯ. ಹಾಗಾಗಿ ಯಾವುದೋ ಅಗ್ಗದ ಮಾಲು ತಂದು ವೆಂಟಿಲೇಟರ್ ಪಕ್ಕ ಇಡುವ ಹಾಗಿಲ್ಲ. ಮತ್ತೆ, ಮಾಪ್‌ಗೆ ಹಾಕಿದ ಟ್ಯಾಗ್ ಮಾಪನ್ನು ಮಾತ್ರ ಹುಡುಕುತ್ತದೆ. ಕೇರಳದ ಕೋಯಿಕ್ಕೋಡಿನ ಒಬ್ಬ ತಾಯಿಗೆ 2017ರಲ್ಲಿ ಸಿಸೇರಿಯನ್ ಆಯಿತು. ಆಮೇಲೆ ಐದು ವರ್ಷ ಹೊಟ್ಟೆನೋವು. 2022ರಲ್ಲಿ ಹೊಟ್ಟೆಯಿಂದ ತೆಗೆದದ್ದು ಒಂದು ಆರ್ಟರಿ ಫೋರ್ಸೆಪ್ಸ್, ಅಂದರೆ ಕತ್ತರಿಯಂಥ ಇಕ್ಕಳ. ಅದು ಯಾವ ಆಸ್ಪತ್ರೆಯದು ಅನ್ನುವುದೇ ದೊಡ್ಡ ಜಗಳವಾಗಿ ಆಕೆ ತಿಂಗಳುಗಟ್ಟಲೆ ಧರಣಿ ಕೂರಬೇಕಾಯಿತು. ಇಕ್ಕಳ ಲೋಹದ್ದು, ಒಂದು ಎಕ್ಸ್‌ರೇ ಸಾಕಿತ್ತು. ಲೋಹಕ್ಕೆ ಟ್ಯಾಗ್ ಹಾಕುವುದೂ ಬೇರೆಯದೇ ತಲೆನೋವು. ಲೋಹದ ಮೇಲೆ ರೇಡಿಯೋ ಅಲೆ ಸರಿಯಾಗಿ ಕೆಲಸ ಮಾಡಲ್ಲ, ಮೇಲಿಂದ ಪ್ರತಿ ಸಲ ಆಟೋಕ್ಲೇವಿನ, ಅಂದರೆ ಹಬೆಯಲ್ಲಿ ಕ್ರಿಮಿ ಸಾಯಿಸುವ ಯಂತ್ರದ ಬಿಸಿ ತಡೆಯಬೇಕು.

ದೊಡ್ಡಮ್ಮನ ನೂಲಿಗೇ ವಾಪಸ್ ಬರುತ್ತೇನೆ. ಅವರ ಕಾಲದಲ್ಲಿ ಗಾಜ್ ಥಾನು ಥಾನಾಗಿ ಬರುತ್ತಿತ್ತು. ಮಧ್ಯಾಹ್ನ ಕೇಸು ಇಲ್ಲದಾಗ ಸಿಸ್ಟರುಗಳು, ಆಯಾಗಳು ಕೂತು ಕತ್ತರಿಸಿ, ಮಡಚಿ, ಹೊಲಿದು, ಡ್ರಮ್ಮಿಗೆ ತುಂಬಿ ಆಟೋಕ್ಲೇವ್‌ಗೆ ಇಡುತ್ತಿದ್ದರು. ಆ ಗಾಜ್ ಬಟ್ಟೆಯಲ್ಲಿ ನೀಲಿ ನೂಲು ಎಲ್ಲಿಂದ ಬರಬೇಕು? ಕೌಂಟ್ ತಪ್ಪಿದರೆ ಎಕ್ಸ್‌ರೇ ತೆಗೆದೂ ಉಪಯೋಗ ಇಲ್ಲ. ಈಗ ನೀಲಿ ನೂಲಿನ ಮಾಪ್ ಪ್ಯಾಕೆಟ್ಟಿನಲ್ಲೇ ಬರುತ್ತದೆ. ಅತ್ತಿಗೆಯ ಡಾಕ್ಟರ್ ಮರುದಿನ ಒಂದು ಪ್ಯಾಕೆಟ್ ತಂದು ದೊಡ್ಡಮ್ಮನ ಕೈಗೇ ಕೊಟ್ಟರು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೀಲಿ ಎಳೆ ನೋಡಿದರು. ಆಮೇಲೆ, ಡಾಕ್ಟರ್ ಎದುರಿಗೇ, ಪ್ಯಾಕೆಟ್ಟಿನ ಮಾಪ್ ಎಣಿಸಿದರು. ಐದು ಅಂತ ಬರೆದಿತ್ತು, ಐದೇ ಇತ್ತು.

ಇದನ್ನು ಓದುವವರಲ್ಲಿ ಓಟಿಯಲ್ಲಿ ಕೆಲಸ ಮಾಡುವ ಸಿಸ್ಟರುಗಳು, ಟೆಕ್ನಿಷಿಯನ್ನರು, ಡಾಕ್ಟರುಗಳು ಇದ್ದೀರಿ ಅಂತ ಗೊತ್ತು. ನಿಮ್ಮಲ್ಲಿ ಈಗಲೂ ಥಾನಿನ ಗಾಜ್ ಕತ್ತರಿಸುತ್ತಾರಾ, ಇಲ್ಲ ನೂಲಿನ ಪ್ಯಾಕೆಟ್ ಬರುತ್ತಾ? ಕೌಂಟ್ ತಪ್ಪಿದಾಗ ರಾತ್ರಿ ಎಕ್ಸ್‌ರೇ ತೆಗೆಯುವವರು ಇರುತ್ತಾರಾ? ಆಸ್ಪತ್ರೆಯ ಹೆಸರು ಬೇಡ, ಜಿಲ್ಲೆ ಬರೆದರೆ ಸಾಕು. ಇಲ್ಲಿ ಬರೆಯಲು ಭಯ ಅಂದರೆ ಇನ್‌ಬಾಕ್ಸಿಗೆ ಹಾಕಿ. ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ, ಅವರು ದಿನಾ ಕೇಳುತ್ತಿದ್ದಾರೆ.