ಟ್ರೇನಿ ಅಂತ ಹೆಸರು, ಕೆಲಸ ಮಾತ್ರ ಪೂರ್ತಿ ಆಳಿಂದು

ನಮ್ಮ ತಂಗಿ ಮಗ ಫಿಟ್ಟರ್ ಐಟಿಐ ಮುಗಿಸಿ ಹುಬ್ಬಳ್ಳಿ ಹತ್ರ ತಾರಿಹಾಳದಾಗ ಒಂದು ವರ್ಕ್‌ಶಾಪಿಗೆ "ಟ್ರೇನಿ" ಅಂತ ಸೇರಿ ಎಂಟು ತಿಂಗಳಾತು, ತಿಂಗಳಿಗೆ 4,500 ಕೊಡ್ತಾರ, ಅದೂ ಕವರ್‌ನ್ಯಾಗ ಕ್ಯಾಶ್, ಕುಂದಗೋಳದಿಂದ ದಿನಾ ಬಂದು ಹೋಗೋ ಖರ್ಚು ಮತ್ತ ಖಾನಾವಳಿ ಊಟ ಹಿಡದ್ರ ಮನಿಗೆ ಏನೂ ಉಳಿಯಂಗಿಲ್ಲ. ಏನ್ ಕಲಿಸ್ಯಾರಪಾ ಅಂತ ಕೇಳಿದೆ. "ಮಾಮಾ, ಬಂದ ದಿನದಿಂದ ಒಂದ ಡ್ರಿಲ್ಲಿಂಗ್ ಮಷೀನ್ ಮುಂದ ನಿಂದ್ರಿಸ್ಯಾರ, ದಿನಕ್ಕ ಇಷ್ಟು ಪೀಸ್ ಅಂತ ಲೆಕ್ಕ, ಕಡಿಮಿ ಆದ್ರ ಬೈತಾರ" ಅಂದ.

ನಾನೂ ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನಾಗ ಅಪ್ರೆಂಟಿಸ್ ಮಾಡಿದಂವ. ಮೊದಲ ಮೂರು ತಿಂಗಳು ಕಬ್ಬಿಣದ ತುಂಡಿಗೆ ಫೈಲ್ (ಅರ) ಹಾಕಿ ಚೌಕ ಮಾಡೋದ ಕೆಲಸ, ಅಂಗೈಗೆ ಬೊಬ್ಬಿ ಬಂದಿದ್ವು, ಬೇಜಾರೂ ಆಗಿತ್ತು, ಆದ್ರ ಅದು ಕಲಿಯೋದು ಆಗಿತ್ರಿ. ಸ್ಟೈಪೆಂಡ್ ಕಡಿಮಿ ಇರೋದು ಅದಕ್ಕ, ಕಲಿಸ್ತಾರ ಅಂತ. ಕಲಿಸಲಾರದ ಪ್ರೊಡಕ್ಷನ್ ತಗೊಂಡ್ರ ಅದಕ್ಕ ಸ್ಟೈಪೆಂಡ್ ಅನ್ನೋದು ಹೆಂಗ?

1961ರ ಅಪ್ರೆಂಟಿಸ್ ಕಾಯ್ದೆದಾಗ ಪೀಸ್ ಲೆಕ್ಕದ ಮ್ಯಾಲೆ ರೊಕ್ಕ ಕೊಡಬಾರ್ದು ಅಂತ ಬರದಾರ. 2019ರಾಗ ತಿದ್ದಿದ ರೂಲ್ಸ್ ಪ್ರಕಾರ ಐಟಿಐ ಆದಂವಗ ಕಡಿಮಿ ಅಂದ್ರೂ 7,000, ಡಿಪ್ಲೊಮಾಕ್ಕ 8,000, ಡಿಗ್ರಿಗೆ 9,000, ಎರಡನೇ ವರ್ಷ ಶೇಕಡಾ 10 ಏರಸಬೇಕು. ಆ 7,000ನೂ ಏನ್ ಭಾರಿ ಅಲ್ಲ ಬಿಡ್ರಿ, 26 ದಿನಕ್ಕ ಭಾಗಿಸಿದ್ರ ದಿನಕ್ಕ 270ರ ಹತ್ರ, ನಮ್ಮ ರಾಜ್ಯದಾಗ 2025-26ಕ್ಕ ನರೇಗಾ ಕೂಲಿನ 370 ಇತ್ತು! 2025ರ ಮೇ ತಿಂಗಳದಾಗ ಸ್ಟೈಪೆಂಡ್ ಶೇಕಡಾ 36 ಏರಸ್ರಿ ಅಂತ ಕೇಂದ್ರದ ಅಪ್ರೆಂಟಿಸ್‌ಶಿಪ್ ಕೌನ್ಸಿಲ್ಲ ಶಿಫಾರಸು ಮಾಡಿತು, ಅಂದ್ರ ಸಾಲಂಗಿಲ್ಲ ಅನ್ನೋದು ಅವರಿಗೂ ಗೊತ್ತೈತಿ.

ಸಣ್ಣ ಮಾಲಕರ ಮಾತೂ ಪೂರ್ತಿ ಸುಳ್ಳಲ್ಲ, ಹೊಸಾ ಹುಡುಗರು ಡ್ರಿಲ್ ಬಿಟ್ ಮುರೀತಾರ, ಮಾಡೋ ಪೀಸ್ ಕೆಡಸ್ತಾರ, ಕಲತಮ್ಯಾಲೆ ಬೆಂಗಳೂರಿಗೆ ಓಡ್ತಾರ. ಆದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನ್ಯಾಗ ಹುಡುಗನ ಜೋಡಿ ಕಾಂಟ್ರಾಕ್ಟ್ ಮಾಡಿದ್ರ ಸ್ಟೈಪೆಂಡಿನ ಕಾಲುಭಾಗ, 1,500ರ ತನಕ, ಸರ್ಕಾರನ ಭರಿಸೋ ಸ್ಕೀಮ್ 2016ರಿಂದ ಐತಿ. ಯಾಕ ಮಾಡಂಗಿಲ್ಲ ಅಂದ್ರ ಆಮ್ಯಾಲೆ 4,500 ಕೊಡಾಕ ಬರಂಗಿಲ್ಲಲ್ಲ! ಕಾಂಟ್ರಾಕ್ಟ್ ಇಲ್ಲಾಂದ್ರ ಹುಡುಗ ಆ ಕಾಯ್ದೆ ಪ್ರಕಾರ ಅಪ್ರೆಂಟಿಸ್ಸ ಅಲ್ಲ, ಕಡೀಕ ಸರ್ಟಿಫಿಕೇಟೂ ಇಲ್ಲ. ಅಪ್ರೆಂಟಿಸ್ ಅಲ್ಲಾಂದ್ರ ಕೆಲಸಗಾರ, ಹಂಗಾದ್ರ ಕನಿಷ್ಠ ವೇತನ ಕೊಡ್ರಿ, ಎರಡರಾಗ ಒಂದರ ಆಗ್ಲಿ.

ಸೋಮವಾರ ಅವನ ಜೋಡಿ ನಾನ ಹೋಗಿ ಕಾಂಟ್ರಾಕ್ಟ್ ನಂಬರ್ ಕೇಳಾಂವ. ತಂಗಿ ನಿನ್ನೆಯಿಂದ ಫೋನ್ ಮ್ಯಾಲೆ ಫೋನ್ ಮಾಡಾಕತ್ತಾಳ, "ಅಣ್ಣಾ, ಜಗಳಾ ತಗೀಬ್ಯಾಡೋ, ಇದ್ದ ಕೆಲಸಾನೂ ಹೋದೀತು" ಅಂತ.