ಕಿಟಕಿ ಹಾಕೋ, ಮಗೂಗೆ ಗಾಳಿ ತಾಗುತ್ತೆ

ಹೋದ ನವೆಂಬರಿನ ಒಂದು ಸಂಜೆ ಮಗಳನ್ನು ಕರೆದುಕೊಂಡು ಬರಲು ಕಿಂಡರ್‌ಗಾರ್ಟನ್‌ಗೆ ಹೋಗಿದ್ದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಅವತ್ತು 3 ಡಿಗ್ರಿ, ಜೊತೆಗೆ ಜಿಟಿಜಿಟಿ ಮಳೆ. ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು ಒಂದು ಚೀಲ ಕೈಗಿಟ್ಟರು. ಒಳಗೆ ನೋಡಿದರೆ ಮಗಳ ಎರಡು ಬನಿಯನ್, ಒಂದು ಸ್ವೆಟರ್, ಒಂದು ಮಂಕಿ ಕ್ಯಾಪ್. "ಇಷ್ಟೆಲ್ಲ ಹಾಕಿ ಕಳಿಸಬೇಡಿ. ಓಡಾಡಿ ಬೆವರುತ್ತಾಳೆ, ಆಮೇಲೆ ಆ ಒದ್ದೆ ಬಟ್ಟೆಯಲ್ಲೇ ನಡುಗುತ್ತಾಳೆ. ಅದರ ಬದಲು ಒಂದು ಕೆಸರು ಪ್ಯಾಂಟ್ ಕೊಡಿ" ಅಂದರು.

ಆ ಮಂಕಿ ಕ್ಯಾಪ್ ಅಮ್ಮ ಹಾಸನದಿಂದ ಕಳಿಸಿದ್ದು. ಕೆಂಪು ಉಲ್ಲನ್, ನೆತ್ತಿಯ ಮೇಲೊಂದು ಕುಚ್ಚು. ಟೀಚರ್ ಅದನ್ನು ಎರಡೇ ಬೆರಳಲ್ಲಿ ಹಿಡಿದು ಚೀಲದಿಂದ ತೆಗೆದು ತೋರಿಸಿದ ರೀತಿ ಯಾಕೋ ಚುಚ್ಚಿತು. ತಲೆ ತಗ್ಗಿಸಿಕೊಂಡು ಬಂದೆ.

ಕೆಸರು ಪ್ಯಾಂಟ್ ಅಂದರೆ ಇಲ್ಲಿನವರ ಮಾಟ್ಶ್‌ಹೋಸ. ಹೆಗಲಿಗೆ ಪಟ್ಟಿ ಇರುವ, ನೀರು ಹಿಡಿಯದ ದೊಗಳೆ ಪ್ಯಾಂಟು. ಅದನ್ನು ತೊಡಿಸಿ, ಬೂಟು ಹಾಕಿ, ಮಳೆಯೋ ಹಿಮವೋ ನೋಡದೆ ಮಕ್ಕಳನ್ನು ಹೊರಗೆ ಬಿಡುತ್ತಾರೆ. ಕೆಟ್ಟ ಹವೆ ಅಂತ ಒಂದಿಲ್ಲ, ತಪ್ಪು ಬಟ್ಟೆ ಅಂತ ಇದೆ ಅನ್ನೋದು ಇಲ್ಲಿನವರ ಗಾದೆ. ಮರುದಿನ ಮಗಳು ಅದೇ ಪ್ಯಾಂಟಿನಲ್ಲಿ ಕೆಸರಿನ ಗುಂಡಿಯಲ್ಲಿ ಕುಪ್ಪಳಿಸುತ್ತಿದ್ದ ಫೋಟೋ ಬಂತು. ಬುದ್ಧಿ ಇಲ್ಲದೆ ಅಮ್ಮನಿಗೆ ಕಳಿಸಿದೆ.

ಎರಡೇ ನಿಮಿಷಕ್ಕೆ ವಿಡಿಯೋ ಕಾಲ್. "ಅಯ್ಯೋ ಶಿವನೇ! ಮಳೇಲಿ ಬಿಟ್ಟಿದಾರಲ್ಲೋ ಮಗೂನ. ನೀನು ನೋಡ್ಕೊಂಡು ಸುಮ್ನೆ ಇದೀಯಾ? ಟೋಪಿ ಎಲ್ಲಿ? ಕಿವೀಗೆ ಹತ್ತಿಯಾದರೂ ಇಟ್ಟಿದ್ದೀರಾ?" ಅಮ್ಮ ಮಾತ್ರ ಬಡವರ ಊಟಿ ಅನ್ನಿಸಿಕೊಂಡ ಹಾಸನದ 16 ಡಿಗ್ರಿಯಲ್ಲಿ ಸ್ವೆಟರ್ ಮೇಲೆ ಶಾಲು, ಅದರ ಮೇಲೆ ಅಪ್ಪನ ಮಫ್ಲರ್ ಸುತ್ತಿಕೊಂಡು ಕೂತಿದ್ದಳು. ಹಿಂದೆ ಕಾಣುತ್ತಿದ್ದ ಮೂರೂ ಕಿಟಕಿ ಭದ್ರವಾಗಿ ಮುಚ್ಚಿದ್ದವು.

ಇದು ನನಗಿಲ್ಲಿ ಏಳನೇ ಚಳಿಗಾಲ. ಇಷ್ಟು ದಿನ ಟೀಚರಿಗೂ ಹೂಂ ಅನ್ನುತ್ತಿದ್ದೆ, ಅಮ್ಮನಿಗೂ ಹೂಂ ಅನ್ನುತ್ತಿದ್ದೆ. ಈಗ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಟೀಚರ್ ಸರಿ. ಅಮ್ಮ ತಪ್ಪು, ಅಕ್ಕ ತಪ್ಪು, ಭಾವನಂತೂ ಪೂರ್ತಿ ತಪ್ಪು.

ಮೊದಲ ಚಳಿಗಾಲದಲ್ಲಿ ನಾನೂ ಊರಿನವನ ಥರವೇ ಇದ್ದೆ. ಅಕ್ಟೋಬರಿನಲ್ಲಿ ಹಾಕಿದ ಕಿಟಕಿ ಏಪ್ರಿಲ್‌ವರೆಗೂ ತೆಗೆಯಬಾರದು ಅಂತ ತೀರ್ಮಾನ. ಒಂದು ದಿನ ಮನೆ ಮಾಲೀಕರು ಬಂದರು. ಒಳಗೆ ಕಾಲಿಟ್ಟವರೇ ಮೂಗರಳಿಸಿದರು. ಮಾತಿಲ್ಲದೆ ಸೀದಾ ಹೋಗಿ ಕಿಟಕಿಯ ಹಿಡಿ ತಿರುಗಿಸಿ ಎರಡೂ ಬಾಗಿಲು ಹಾರು ಹೊಡೆದರು. ಹೊರಗೆ ಸೊನ್ನೆಗಿಂತ ಕೆಳಗೆ. ಗಡಿಯಾರ ನೋಡುತ್ತಾ ಐದು ನಿಮಿಷ ಅಲ್ಲೇ ನಿಂತರು, ಆಮೇಲೆ ಹಾಕಿದರು. "ಹೀಗೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಸಂದಿ ಬಿಟ್ಟು ಇಡೀ ದಿನ ಇಡಬೇಡಿ, ಪೂರ್ತಿ ತೆಗೆಯಿರಿ, ಪೂರ್ತಿ ಹಾಕಿ." ಇದಕ್ಕೆ ಶ್ಟೋಸ್‌ಲ್ಯೂಫ್ಟನ್ ಅಂತ ಹೆಸರೇ ಇದೆ. ಬಾಡಿಗೆ ಕರಾರಿನಲ್ಲೂ ಬರೆದಿತ್ತು, ನಾನು ಓದಿರಲಿಲ್ಲ ಅಷ್ಟೆ.

ಆಫೀಸಿನಲ್ಲೂ ಇದೇ ಕಥೆ. ಮೀಟಿಂಗ್ ಮುಗಿಯುತ್ತಿದ್ದಂತೆ ಯಾರೋ ಒಬ್ಬರು ಎದ್ದು ಕಿಟಕಿ ತೆಗೆಯುತ್ತಾರೆ. ಕೊರೋನಾ ಬಂದಾಗ ತರಗತಿಗಳಲ್ಲಿ 20 ನಿಮಿಷಕ್ಕೊಮ್ಮೆ ಕಿಟಕಿ ತೆಗೆದು ಗಾಳಿ ಆಡಿಸಿ ಅಂತ ಇಲ್ಲಿನ ಪರಿಸರ ಇಲಾಖೆಯೇ ಹೇಳಿತ್ತು. 2020ರ ಆ ಚಳಿಯಲ್ಲಿ ಮಕ್ಕಳು ಏನು ಮಾಡಬೇಕು ಅಂತ ಕೇಳಿದ್ದಕ್ಕೆ ಆಗಿನ ಚಾನ್ಸಲರ್ ಅಂಗೇಲಾ ಮೆರ್ಕೆಲ್, ಸ್ವಲ್ಪ ಬಸ್ಕಿ ಹೊಡೆಯಲಿ, ಚಪ್ಪಾಳೆ ತಟ್ಟಲಿ ಅನ್ನೋ ಅರ್ಥದಲ್ಲಿ ಮಾತಾಡಿದ್ದರು. ಜನ ನಕ್ಕರು, ಗೊಣಗಿದರು. ಆದರೆ ಕಿಟಕಿ ಮುಚ್ಚಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆವು. ಅಕ್ಕನ ಮನೆಯ ಹಾಲಿನಲ್ಲಿ ಹನ್ನೊಂದು ಜನ. ಸಂಜೆ ಆದದ್ದೇ ಕಿಟಕಿ, ಬಾಗಿಲು, ವೆಂಟಿಲೇಟರ್ ಎಲ್ಲ ಬಂದ್. ಫ್ಯಾನ್ ಹಾಕಂಗಿಲ್ಲ. ಮಧ್ಯದಲ್ಲಿ ಭಾವ ಕೂತು ಖೊಳ್ ಖೊಳ್ ಅಂತ ಕೆಮ್ಮುತ್ತಾ ಕ್ರಿಕೆಟ್ ನೋಡುತ್ತಿದ್ದರು. ಅಂಗೈ ಅಡ್ಡ ಹಿಡಿದು ಕೆಮ್ಮೋರು, ಅದೇ ಕೈಯಿಂದ ನನ್ನ ಮಗಳಿಗೆ ಕಡ್ಲೆಕಾಯಿ ಬಿಡಿಸಿ ಕೊಡೋರು. ನಾಲ್ಕನೇ ದಿನಕ್ಕೆ ಒಂಬತ್ತು ಜನ ಮಲಗಿದರು.

ಆಮೇಲೆ ಶುರುವಾಯಿತು ವಿಚಾರಣೆ. ಮಗಳಿಗೆ ಬಂದದ್ದು ರಾತ್ರಿ ಮೊಸರನ್ನ ತಿಂದಿದ್ದಕ್ಕೆ. ನನ್ನ ಹೆಂಡತಿಗೆ ಬಂದದ್ದು ತಲೆಗೆ ನೀರು ಹಾಕಿಕೊಂಡು ಕೂದಲು ಒಣಗಿಸದೆ ಇದ್ದಿದ್ದಕ್ಕೆ. ನನಗೆ ನೀರು ಬದಲಾಗಿದ್ದಕ್ಕೆ. ಅಕ್ಕನ ಮಗನಿಗೆ ಸೀಬೆಹಣ್ಣಿಗೆ. ಅಪ್ಪನಿಗೆ ಬೆಳಿಗ್ಗೆ ಹಾಲಿಗೆ ಹೋಗುವಾಗ ಇಬ್ಬನಿ ಬಿದ್ದಿದ್ದಕ್ಕೆ. ಒಬ್ಬೊಬ್ಬರಿಗೆ ಒಂದೊಂದು ಕಾರಣ ಸಿಕ್ಕಿತು. ಭಾವನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ.

ನೆಗಡಿ ತರೋದು ವೈರಸ್. ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆ ಇವೆ. ಒಂದಕ್ಕೆ ದೇಹ ಪಳಗಿದರೆ ಇನ್ನೊಂದು ಬಂದು ನಿಂತಿರುತ್ತೆ. ಸೀಬೆಹಣ್ಣಿನ ಒಳಗಿಂದ ಅದು ಹುಟ್ಟಿಬರೋದಿಲ್ಲ, ಇನ್ನೊಬ್ಬರ ಮೂಗಿಂದ, ಬಾಯಿಂದ, ಕೈಯಿಂದ ಬರುತ್ತೆ. ಚಳಿಗಾಲದಲ್ಲಿ ಜಾಸ್ತಿಯಾಗಲು ಮುಖ್ಯ ಕಾರಣಗಳಲ್ಲಿ ಒಂದು, ಜನ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರ ಉಸಿರು ಒಬ್ಬರು ಕುಡಿಯೋದು. ಅಂದರೆ ಗಾಳಿಗೆ ಹೆದರಿ ಕಿಟಕಿ ಹಾಕಿ ನಾವು ಉಳಿಸಿಕೊಂಡಿದ್ದು ಭಾವನ ಕೆಮ್ಮನ್ನ.

ಇನ್ನು ಅಕ್ಕನ ಫ್ರಿಜ್ಜಿನ ಮೇಲಿನ ಸಂಸಾರ. ಚ್ಯವನಪ್ರಾಶದ ಡಬ್ಬಿ, ಅಮೃತಬಳ್ಳಿ ರಸ, ವಿಟಮಿನ್ ಸಿ, ಜಿಂಕ್, ಅರಿಶಿನದ ಕ್ಯಾಪ್ಸೂಲ್. 2020ರಿಂದೀಚೆಗೆ ಇಮ್ಯೂನಿಟಿ ಅನ್ನೋದು ಅಪ್ಪಟ ಕನ್ನಡ ಪದ ಆಗಿಬಿಟ್ಟಿದೆ. ತರಕಾರಿ ಮಾರುವವರೂ "ತಗೊಳ್ಳಿ ಅಣ್ಣ, ಇಮ್ಯೂನಿಟಿಗೆ ಒಳ್ಳೇದು" ಅಂತಾರೆ. ಅದು ಜಾಸ್ತಿಯಾದಷ್ಟೂ ಒಳ್ಳೇದು ಅಂತ ಹೇಳಿದವರು ಯಾರು? ಅಲರ್ಜಿ, ಕೆಲವು ಬಗೆಯ ಥೈರಾಯ್ಡ್ ತೊಂದರೆ, ಕೆಲವು ಬಗೆಯ ಸಂಧಿವಾತ, ಇವೆಲ್ಲ ದೇಹದ ಕಾವಲು ಪಡೆ ಅತಿಯಾಗಿ ಆಡಿದಾಗ, ಇಲ್ಲವೇ ಮನೆಯವರ ಮೇಲೇ ತಿರುಗಿಬಿದ್ದಾಗ ಬರೋದು. ವಿಟಮಿನ್ ಸಿ ಮಾತ್ರೆ ದಿನಾ ನುಂಗಿದರೂ ನಮ್ಮಂಥ ಸಾಮಾನ್ಯರಿಗೆ ನೆಗಡಿ ಬರೋದೇನೂ ಕಮ್ಮಿಯಾಗೋದಿಲ್ಲ. ಬಂದಾಗ ಅರ್ಧ ದಿನ ಬೇಗ ಹೋಗಬಹುದು.

ಅಕ್ಕನನ್ನೇ ನೋಡಿ. ರಾತ್ರಿ ಪಾತ್ರೆ ಮುಗಿಸಿ ಮಲಗುವಾಗ ಹನ್ನೆರಡು. ಬೆಳಿಗ್ಗೆ ಐದಕ್ಕೆ ಎದ್ದು ಮೂರು ಥರದ ಡಬ್ಬಿ ಕಟ್ಟಬೇಕು. ವರ್ಷಕ್ಕೆ ಆರು ಸಲ ಮಲಗುತ್ತಾಳೆ. 2015ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿತ್ತು. 164 ಜನರ ನಿದ್ದೆಯನ್ನು ಒಂದು ವಾರ ಅಳೆದು, ಆಮೇಲೆ ಬೇಕಂತಲೇ ಅವರ ಮೂಗಿಗೆ ನೆಗಡಿ ವೈರಸ್ ಬಿಟ್ಟರು. ಆರು ಗಂಟೆಗಿಂತ ಕಮ್ಮಿ ಮಲಗುವವರಿಗೆ, ಏಳು ಗಂಟೆ ದಾಟಿ ಮಲಗುವವರಿಗಿಂತ, ನೆಗಡಿ ಹಿಡಿಯುವ ಸಂಭವ ನಾಲ್ಕು ಪಟ್ಟು ಜಾಸ್ತಿ. ಅಕ್ಕನಿಗೆ ಅಮೃತಬಳ್ಳಿ ಕುಡಿ, ಬಿಸಿನೀರು ಕುಡಿ, ಬೆಟ್ಟದ ನೆಲ್ಲಿಕಾಯಿ ತಿನ್ನು ಅಂತ ಎಲ್ಲರೂ ಹೇಳುತ್ತಾರೆ. ನೀನು ಹೋಗಿ ಮಲಗು, ಪಾತ್ರೆ ನಾನು ತೊಳೀತೀನಿ ಅಂತ ಆ ಮನೆಯಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ನಾನೂ ಹೇಳಲಿಲ್ಲ ಅನ್ನಿ.

ಇಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂಗು ಸೋರಿಸಿಕೊಂಡು ಆಫೀಸಿಗೆ ಹೋಗಿದ್ದೆ. ಜ್ವರದಲ್ಲೂ ಬಂದಿದ್ದಾನೆ ಹುಡುಗ ಅಂತ ಮೆಚ್ಚಿಕೊಳ್ಳುತ್ತಾರೆ ಅಂತ ಒಳಗೊಳಗೇ ಆಸೆ. ಪಕ್ಕದ ಟೇಬಲಿನವಳು ಕುರ್ಚಿ ಹಿಂದಕ್ಕೆ ಎಳೆದುಕೊಂಡು, "ಇಲ್ಲಿಗೆ ಯಾಕೆ ಬಂದೆ?" ಅಂದಳು. ಮ್ಯಾನೇಜರ್ ಮನೆಗೆ ಕಳಿಸಿದರು. ಸಾಮಾನ್ಯವಾಗಿ ಮೂರು ದಿನದವರೆಗೆ ಡಾಕ್ಟರ ಚೀಟಿಯೂ ಕೇಳೋದಿಲ್ಲ. ಕಾಯಿಲೆ ಬಿದ್ದರೆ ಆರು ವಾರದವರೆಗೆ ಕಂಪನಿ ಪೂರ್ತಿ ಸಂಬಳ ಕೊಡಬೇಕು ಅಂತ ಕಾನೂನೇ ಇದೆ. ನಮ್ಮಲ್ಲಿ ಅಕ್ಕನ ಮಗ 101 ಜ್ವರದಲ್ಲಿ ಯೂನಿಟ್ ಟೆಸ್ಟ್ ಬರೆದು ಬಂದ. ಮನೆಯಲ್ಲಿ ಶಭಾಷ್ ಅಂದರು. ಆ ಬೆಂಚಿನಲ್ಲಿ ಕೂತಿದ್ದ ಇನ್ನಿಬ್ಬರ ಗತಿ ಏನಾಯಿತೋ.

ಫ್ಲೂ ಲಸಿಕೆಯದ್ದೂ ಹಾಗೇ. ಇಲ್ಲಿ 60 ದಾಟಿದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಚಳಿಗಾಲಕ್ಕೆ ಮುಂಚೆ ಪ್ರತಿ ವರ್ಷ ಹಾಕಿಸಿಕೊಳ್ಳಿ ಅಂತಾರೆ. ಅಮ್ಮನಿಗೆ 68, ಸಕ್ಕರೆಯೂ ಇದೆ. ಕೇಳಿದರೆ "ಕೋವಿಡ್ದು ಹಾಕಿಸ್ಕೊಂಡಿದ್ನಲ್ಲ, ಮತ್ತೆ ಯಾಕೋ" ಅಂತಾಳೆ. ಆದರೆ ಬರೀ ನೆಗಡಿಗೆ ಮೆಡಿಕಲ್ ಶಾಪಿಗೆ ಹೋಗಿ, ಚೀಟಿ ಇಲ್ಲದೆ ಮೂರು ದಿನದ ಆಂಟಿಬಯೋಟಿಕ್ ತಂದು ನುಂಗಲು ಯಾರಿಗೂ ಅನುಮಾನ ಇಲ್ಲ. ಅದು ವೈರಸ್ಸಿನ ಮೇಲೆ ಕೆಲಸವನ್ನೇ ಮಾಡೋದಿಲ್ಲ, ಕಣ್ರೀ.

ಇಷ್ಟೆಲ್ಲ ಬೈದ ಮೇಲೆ ಒಂದೆರಡು ಒಪ್ಪಿಕೊಳ್ಳಲೇಬೇಕು.

ಮಾಲೀಕರು ಕಿಟಕಿ ತೆಗೆಸಿದ್ದು ನನ್ನ ಶ್ವಾಸಕೋಶದ ಮೇಲಿನ ಪ್ರೀತಿಗಲ್ಲ. ಅವರಿಗೆ ಗೋಡೆಯ ಚಿಂತೆ. ಅಡುಗೆ, ಸ್ನಾನ, ಉಸಿರಿನ ತೇವ ಹೊರಗೆ ಹೋಗದಿದ್ದರೆ ಮೂಲೆಯಲ್ಲಿ ಕಪ್ಪಗೆ ಬೂಸಲು ಕಟ್ಟುತ್ತೆ. ಕರಾರಿನಲ್ಲಿ ಬರೆದಿದ್ದೂ ಅದಕ್ಕೇ.

ಇಷ್ಟು ಗಾಳಿ ಕುಡಿದರೂ ಮಗಳಿಗೆ ಕಿಂಡರ್‌ಗಾರ್ಟನ್ನಿನ ಮೊದಲ ವರ್ಷ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಮೂಗು ನಿಲ್ಲಲಿಲ್ಲ. ಡಾಕ್ಟರಮ್ಮ ಕಿವಿ, ಗಂಟಲು ನೋಡಿ, "ಈ ವಯಸ್ಸಿಗೆ ವರ್ಷಕ್ಕೆ ಎಂಟು ಹತ್ತು ಸಲ ಬರುತ್ತೆ, ಟೀ ಕುಡಿಸಿ" ಅಂದು ಕಳಿಸಿದರು. ನನ್ನ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೇ ಅತ್ತಿದ್ದಳು. ಒಂದು ಸಿರಪ್ಪಾದರೂ ಬರೆದುಕೊಡಬಾರದಾ ಅಂತ.

ಗಾಳಿಯ ಹೆದರಿಕೆ ನಮಗಷ್ಟೇ ಅಂದುಕೊಂಡಿದ್ದೆ. ಜುಲೈ ತಿಂಗಳ ಸೆಕೆಯಲ್ಲಿ ರೈಲಿನ ಕಿಟಕಿ ತೆಗೆದರೆ ಎದುರು ಕೂತ ಅಜ್ಜಿ "ಎಸ್ ತ್ಸೀಟ್!" ಅಂತ ಕತ್ತು ಮುಚ್ಚಿಕೊಂಡರು. ಗಾಳಿ ಹೊಡೀತಿದೆ, ಹಾಕು ಅಂತ. ಸಾಕ್ಷಾತ್ ನಮ್ಮಮ್ಮ. ಮಗಳಿಗೆ ಕಿವಿನೋವು ಬಂದಾಗ ಪಕ್ಕದ ಮನೆಯವರು ಈರುಳ್ಳಿ ಹೆಚ್ಚಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಚ್ಚಗೆ ಮಾಡಿ ತಂದುಕೊಟ್ಟರು, ಕಿವಿಗೆ ಒತ್ತಲು. ಓಮದ ಗಂಟಿನ ತಂಗಿ ಅನ್ನಬಹುದು. ನೆಗಡಿಗೆ ನಾವು ಶೀತ ಅನ್ನುವ ಹಾಗೆ ಇವರ ಹೆಸರೂ ಚಳಿಯಿಂದಲೇ ಬಂದದ್ದು, ಎರ್ಕೆಲ್ಟುಂಗ್. ಅದರಲ್ಲಿ ಒಂದಿಷ್ಟು ನಿಜವೂ ಇದೆ. ರೈನೋವೈರಸ್‌ಗೆ ದೇಹದ ಒಳಗಿನ ಬಿಸಿಗಿಂತ ತಣ್ಣಗಿರುವ ಮೂಗೇ ಇಷ್ಟ. ಅಲ್ಲಿ ಚೆನ್ನಾಗಿ ಬೆಳೆಯುತ್ತೆ. ಮೂಗು ಬೆಚ್ಚಗಿಟ್ಕೋ ಅನ್ನೋ ಅಜ್ಜಿ ಮಾತು ಪೂರ್ತಿ ಸುಳ್ಳಲ್ಲ.

ಈ ಜನವರಿಯಲ್ಲಿ ನನಗೇ ಗಂಟಲು ಕಟ್ಟಿತು. ನಾಲ್ಕೂವರೆಗೆಲ್ಲ ಕತ್ತಲು, ಹೆಂಡತಿ ಮಗಳು ಇಬ್ಬರೂ ಮಲಗಿದ್ದಾರೆ. ಕಪಾಟಿನ ಹಿಂದಿದ್ದ ಕಷಾಯದ ಪುಡಿ ತೆಗೆದೆ. ಅಮ್ಮ ಹುರಿದು ಕುಟ್ಟಿದ್ದು. ಕೊತ್ತಂಬರಿ, ಜೀರಿಗೆ, ಮೆಣಸು, ಶುಂಠಿ. ಬೆಲ್ಲ ಹಾಕಿ ಕುದಿಸಿದಾಗ ಇಡೀ ಮನೆ ಹಾಸನದ ಹಿತ್ತಲ ಕಡೆಯ ಅಡುಗೆಮನೆ ಆಯಿತು. ಎರಡು ಲೋಟ ಕುಡಿದೆ. ವೈರಸ್ ಸತ್ತಿತು ಅಂತ ನಾನು ಹೇಳೋದಿಲ್ಲ. ನಿದ್ದೆ ಮಾತ್ರ ಬಂತು. ಬೆಳಿಗ್ಗೆ ಎದ್ದು ಕಿಟಕಿ ತೆಗೆಯೋದಕ್ಕೂ ಮನಸ್ಸು ಬರಲಿಲ್ಲ, ಆ ವಾಸನೆ ಹೋಗುತ್ತಲ್ಲ ಅಂತ.

ಅವತ್ತೇ ಅಮ್ಮನಿಗೆ ಫೋನ್ ಮಾಡಿ ಪುಡಿ ಖಾಲಿ ಅಂದೆ. ಮಾತಿಗೆ ಮಾತು ಬಂದು ಮತ್ತೆ ಕಿಟಕಿಯ ಪುರಾಣ ತೆಗೆದೆ. ಸಂಜೆ ಹೊತ್ತು ಸ್ವಲ್ಪ ತೆಗೆದಿಡಮ್ಮ, ಚಳಿಗೆ ಏನೂ ಆಗೋದಿಲ್ಲ ಅಂತ. ಅಮ್ಮ ಒಂದು ಕ್ಷಣ ಸುಮ್ಮನಿದ್ದಳು.

"ಚಳಿಗಲ್ಲ ಕಣೋ ಹಾಕೋದು. ಸೊಳ್ಳೆಗೆ. ಐದೂವರೆ ಆಯ್ತು ಅಂದ್ರೆ ನುಗ್ತವೆ. ಹಿಂದಿನ ಬೀದೀಲಿ ಇಬ್ಬರಿಗೆ ಡೆಂಗ್ಯೂ ಆಗಿತ್ತು. ನಿನಗೆ ಅದೂ ಮರೆತುಹೋಯ್ತಾ?"

ಮರೆತೇ ಹೋಗಿತ್ತು. ಏಳು ಚಳಿಗಾಲ ಸೊಳ್ಳೆ ಇಲ್ಲದ ಊರಲ್ಲಿ ಕಿಟಕಿ ತೆಗೆದು, ಅದೇನೋ ದೊಡ್ಡ ತಿಳಿವಳಿಕೆ ಅಂದುಕೊಂಡಿದ್ದೆ.

ಕಿಟಕಿಗಳಿಗೆ ಮೆಶ್ ಹಾಕಿಸೋಣ ಅಂತ ಹಾಸನದ ಬಡಗಿಯೊಬ್ಬರಿಗೆ ಹೇಳಿದ್ದೇನೆ. ಅವರು ಹೋದ ವಾರ ಅಳತೆ ತೆಗೆದುಕೊಂಡು ಹೋದರಂತೆ. ಹಾಲಿನ ಮೂರಕ್ಕೆ, ಅಡುಗೆಮನೆಯ ಒಂದಕ್ಕೆ. ಮಲಗೋ ಕೋಣೆಯ ಕಿಟಕಿಗೆ ಬೇಡ ಅಂದಳಂತೆ ಅಮ್ಮ. ಸುಮ್ನೆ ದುಡ್ಡು ದಂಡ, ಅದನ್ನ ಹೇಗೂ ತೆಗೆಯೋದಿಲ್ಲ ಅಂತ.